ಹಿಮದ ಘಟ್ಟ ಹತ್ತುವ ಸೋದರಿಗೆ

ಹೊಳೆನರಸೀಪುರದ ಸೋದರಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ವಯಸ್ಸು ಐವತ್ತೆರಡು. ಬೆಂಗಳೂರಿನಲ್ಲಿರುವ ಮಗ ಸೊಸೆ ಈ ಬೇಸಿಗೆ ಕಳೆದ ಮೇಲೆ ಶ್ರೀನಗರದಿಂದ ಕಾರು ಮಾಡಿಕೊಂಡು ಲೇಹ್‌ಗೆ, ಅಲ್ಲಿಂದ ಹಿಮದ ಘಟ್ಟ ದಾಟಿ ನುಬ್ರಾ ಕಣಿವೆಯ ಮರಳುಗಾಡಿಗೆ ಹೋಗುವವರಿದ್ದಾರೆ. "ಅಮ್ಮ, ನೀನೂ ಬಾ" ಎಂದು ಕರೆದಿದ್ದಾರೆ. ಯಜಮಾನರು "ಈ ವಯಸ್ಸಿನಲ್ಲಿ ನಿನಗ್ಯಾಕೆ ಹಿಮ, ಮರಳು" ಅಂದರಂತೆ. ಹೋಗಬಹುದೇ, ಏನೇನು ಕಟ್ಟಿಕೊಳ್ಳಲಿ, ಊಟಕ್ಕೇನು ಗತಿ ಎಂದೆಲ್ಲ ಕೇಳಿ, ಕಡೆಯಲ್ಲಿ ಒಂದು ಸಾಲು ಬರೆದಿದ್ದಾರೆ ನೋಡಿ: "ನನಗೆ ಆಗಾಗ ತಲೆನೋವು ಬರುತ್ತೆ. ಅಮೃತಾಂಜನ ಹಚ್ಕೊಂಡು ಸುಮ್ನಿದ್ದುಬಿಡ್ತೀನಿ, ಯಾರಿಗೂ ಗೊತ್ತಾಗೊಲ್ಲ. ಅಲ್ಲೂ ಹಾಗೇ ಇದ್ದರಾಯ್ತು, ಮಕ್ಕಳ ಖುಷಿ ಯಾಕೆ ಕೆಡಿಸೋದು."

ಸೋದರಿ, ನೀವು ಖಂಡಿತ ಹೋಗಿಬನ್ನಿ. ಆದರೆ ಆ ಕಡೆಯ ಸಾಲನ್ನು ಮಾತ್ರ ಊರಲ್ಲೇ ಬಿಟ್ಟು ಹೋಗಿ. ಯಾಕೆಂದು ಹೇಳುತ್ತೇನೆ. ನಿಮ್ಮ ಜೊತೆಗೆ, ಇಂಥ ಪ್ರಯಾಣದ ಆಸೆಯಿರುವ ಬೇರೆ ಸೋದರಿಯರೂ ಓದಲಿ.

ಮೊದಲು ಹಿಮದ ಬೆಟ್ಟ ದಾಟಿದರೆ ಮರಳು ಯಾಕೆ ಸಿಗುತ್ತದೆ ಅನ್ನುವ ಮಾತು. ಇದಕ್ಕೆ ಉತ್ತರ ನಮ್ಮ ಹಾಸನ ಜಿಲ್ಲೆಯಲ್ಲೇ ಇದೆ. ಆಷಾಢದಲ್ಲಿ ಸಕಲೇಶಪುರದ ಕಡೆ ಹೋದರೆ ಕೊಡೆ ಮಡಿಸುವ ಹಾಗಿಲ್ಲ. ಹಾಸನಕ್ಕೆ ಬಂದರೆ ಸೋನೆ. ಚನ್ನರಾಯಪಟ್ಟಣ, ಅರಸೀಕೆರೆ ಕಡೆಗೆ ಬಂದರೆ ರಾಗಿ ಹೊಲದವರು ಆಕಾಶ ನೋಡುತ್ತಾ ಕೂತಿರುತ್ತಾರೆ. ಕಡಲಿಂದ ಬಂದ ಮೋಡವನ್ನು ಪಶ್ಚಿಮ ಘಟ್ಟ ತಡೆದು ಹಿಂಡಿಬಿಡುತ್ತದೆ, ಮಿಕ್ಕ ಒಣಗಾಳಿ ಈಚೆಗೆ ಬರುತ್ತದೆ. ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಮೀಟರಿಗೂ ಮಿಕ್ಕ ಮಳೆಯಾದರೆ ಅರಸೀಕೆರೆಯಲ್ಲಿ ಒಂದು ಮೀಟರೂ ಇಲ್ಲ. ಹಿಮಾಲಯವೂ ಇದೇ ಕೆಲಸ ಮಾಡುತ್ತದೆ, ಆದರೆ ಅದರ ಎತ್ತರಕ್ಕೆ ತಕ್ಕ ಹಾಗೆ. ಲೇಹ್‌ನಲ್ಲಿ ವರ್ಷಕ್ಕೆಲ್ಲ ಸೇರಿ ಬೀಳುವ ಮಳೆ, ಹಿಮ ಸುಮಾರು ಹತ್ತು ಸೆಂಟಿಮೀಟರಿನಷ್ಟು. ನಮ್ಮಲ್ಲಿ ಒಂದು ದೊಡ್ಡ ಮಳೆಗೇ ಅಷ್ಟಾದೀತು. ಹಾಗಾಗಿ ಅದು ಚಳಿಯ ಮರುಭೂಮಿ. ನದಿ ತಂದು ಹಾಕಿದ ಮರಳನ್ನು ಗಾಳಿ ಎತ್ತಿ ದಿಬ್ಬ ಮಾಡುತ್ತದೆ, ಹಿಂದುಗಡೆ ಹಿಮದ ಶಿಖರ ಹಾಗೇ ನಿಂತಿರುತ್ತದೆ.

ಈಗ ಎತ್ತರದ ಲೆಕ್ಕ. ನಮ್ಮ ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ತುಸು ಕಡಿಮೆ. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ಲೇಹ್ ಪಟ್ಟಣ ಸುಮಾರು 3,500 ಮೀಟರ್. ಲೇಹ್‌ನಿಂದ ನುಬ್ರಾಕ್ಕೆ ದಾಟುವ ಖರ್ದುಂಗ್ ಲಾ ಘಟ್ಟ ಸುಮಾರು 5,359 ಮೀಟರ್. ಎರಡೂಮುಕ್ಕಾಲು ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದು ಇಟ್ಟ ಹಾಗಾಯಿತು. ("ಲಾ" ಅಂದರೆ ಅಲ್ಲಿಯ ಮಾತಿನಲ್ಲಿ ಘಟ್ಟದ ಕಣಿವೆದಾರಿ. ಅಲ್ಲಿ 18,380 ಅಡಿ ಎಂದು ಬರೆದ ಹಳೆಯ ಫಲಕದ ಫೋಟೋ ನೀವೂ ನೋಡಿರಬಹುದು. ಆಮೇಲೆ ಅಳೆದವರು ಸುಮಾರು ಎಂಟುನೂರು ಅಡಿ ಕಡಿಮೆ ಎಂದರು. ಆ ಎಂಟುನೂರು ಅಡಿಯಿಂದ ನಮಗೇನೂ ಉಸಿರು ಹೆಚ್ಚಿಗೆ ಸಿಗುವುದಿಲ್ಲ ಬಿಡಿ.)

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ದಡದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು. ಖರ್ದುಂಗ್ ಲಾದಲ್ಲಿ ಸುಮಾರು ಅರ್ಧ. ಮೈ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನ ಬೇಕು. ದಿನ ಕೊಡದೆ ಹತ್ತಿದವರಿಗೆ ಬರುವುದೇ ಎತ್ತರದ ಕಾಯಿಲೆ. ಶುರುವಾಗುವುದು ತಲೆನೋವಿನಿಂದ. ಜೊತೆಗೆ ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು, ಸುಸ್ತು, ನಿದ್ರೆಯಿಲ್ಲದಿರುವುದು. ಅಷ್ಟರಲ್ಲೇ ನಿಂತು ವಿಶ್ರಾಂತಿ ತೆಗೆದುಕೊಂಡರೆ ಬಹಳ ಮಂದಿಗೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಮುಚ್ಚಿಟ್ಟುಕೊಂಡು ಇನ್ನೂ ಮೇಲಕ್ಕೆ ಹತ್ತಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಎರಡೂ ಪ್ರಾಣಕ್ಕೆ ಸಂಚಕಾರ. ಶ್ವಾಸಕೋಶದ್ದು ಸಾಮಾನ್ಯವಾಗಿ ಹೊಸ ಎತ್ತರದ ಎರಡನೆಯ ರಾತ್ರಿ ಬರುತ್ತದೆ, ಮನೆಮಂದಿಯೆಲ್ಲ ನಿದ್ರೆಯಲ್ಲಿರುವಾಗ.

ಈಗ ಗೊತ್ತಾಯಿತಲ್ಲ, ನಿಮ್ಮ ಆ ಸಾಲು ಓದಿ ನನಗೆ ಯಾಕೆ ಎದೆ ಧಸಕ್ಕೆಂದಿತು ಅಂತ. ನಮ್ಮ ಹೆಂಗಸರಿಗೆ ನೋವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವುದು ಚಿಕ್ಕಂದಿನಿಂದ ರೂಢಿ. ಜ್ವರವಿದ್ದರೂ ಒಲೆ ಹಚ್ಚುತ್ತೇವೆ, ಸೊಂಟ ಹಿಡಿದಿದ್ದರೂ ನೀರು ಸೇದುತ್ತೇವೆ. ಮನೆಯಲ್ಲಿ ಅದು ನಡೆದುಹೋಗುತ್ತದೆ. ಆ ಬೆಟ್ಟದ ಮೇಲೆ ನಡೆಯುವುದಿಲ್ಲ. ಬೇರೆಯವರಿಗೆ ತೊಂದರೆಯಾಗಬಾರದೆಂದು ಸುಮ್ಮನಿದ್ದರೆ ಮಧ್ಯರಾತ್ರಿ ಆಂಬುಲೆನ್ಸ್ ಹುಡುಕುವ ತೊಂದರೆಯನ್ನು ಮಕ್ಕಳ ತಲೆಗೆ ಕಟ್ಟಿದ ಹಾಗಾಗುತ್ತದೆ, ಅದೂ ಪುಣ್ಯವಿದ್ದರೆ. ಈ ಪುಟವನ್ನು ಮಗನಿಗೂ ಸೊಸೆಗೂ ಓದಿಸಿ. ನೀವು ಹೇಳದಿದ್ದರೂ ಅವರೇ ಕೇಳಲಿ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಮೂರೂ ಜನ ಒಬ್ಬರನ್ನೊಬ್ಬರು ಕೇಳಿಕೊಳ್ಳಿ: ತಲೆನೋವಿದೆಯೇ? ಊಟ ಸೇರಿತೇ? ನಿದ್ರೆ ಬಂತೇ? ಸುಮ್ಮನೆ ಕೂತಾಗಲೂ ಏದುಸಿರು ಬರುತ್ತಿದೆಯೇ? ಕಡೆಯದಕ್ಕೆ ಹೌದೆಂದರೆ, ಇಲ್ಲವೇ ಕೆಮ್ಮಿನಲ್ಲಿ ನೊರೆಯಂಥ ಕಫ ಬಂದರೆ, ಮಾತು ತೊದಲಿದರೆ ಬೆಳಗಾಗಲೆಂದು ಕಾಯಬಾರದು. ಆಸ್ಪತ್ರೆ, ಆಮ್ಲಜನಕ, ಕೆಳಕ್ಕೆ ಇಳಿಯುವುದು, ಇವು ಮೂರೇ ದಾರಿ. ಲೇಹ್‌ನಲ್ಲಿ ಸೋನಂ ನೊರ್ಬು ಸ್ಮಾರಕ ಆಸ್ಪತ್ರೆಯಿದೆ, ಇಂಥ ರೋಗಿಗಳನ್ನು ನೋಡಿ ಪಳಗಿದವರು ಅಲ್ಲಿದ್ದಾರೆ.

ಇನ್ನೊಂದು ಸುಲಭದ ಪರೀಕ್ಷೆ. ನೆಲದ ಮೇಲೆ ರಂಗೋಲಿಗೆ ಎಳೆದಂತೆ ಒಂದು ನೇರ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮಿದುಳಿಗೆ ತಟ್ಟಿದೆ ಎಂದೇ ತಿಳಿಯಬೇಕು.

ಹಾಗಾದರೆ ಐವತ್ತೆರಡು ಹೆಚ್ಚಾಯಿತೇ? ಇಲ್ಲ. ಈ ಕಾಯಿಲೆ ವಯಸ್ಸು ನೋಡಿ ಬರುವುದಿಲ್ಲ. ಕಟ್ಟುಮಸ್ತಾದ ಹುಡುಗರೇ ಬೀಳುವುದುಂಟು, ಯಾಕೆಂದರೆ ಅವರು ಓಡಿ ಹತ್ತುತ್ತಾರೆ. ನಿಧಾನವಾಗಿ ಹೋಗುವವರಿಗೇ ಇಲ್ಲಿ ಅನುಕೂಲ. ಆದರೂ ಹೊರಡುವ ಎರಡು ತಿಂಗಳ ಮುಂಚೆ ಡಾಕ್ಟರ ಹತ್ತಿರ ಹೋಗಿ ರಕ್ತದೊತ್ತಡ, ಸಕ್ಕರೆ, ಹೃದಯ ತೋರಿಸಿಕೊಳ್ಳಿ. ಆಗಾಗ ಬರುವ ತಲೆನೋವಿನ ಕಾರಣವನ್ನೂ ಆಗಲೇ ಕೇಳಿ ತಿಳಿದುಕೊಳ್ಳಿ. ಮುಖ್ಯವಾಗಿ ಹಿಮೋಗ್ಲೋಬಿನ್ ನೋಡಿಸಿ. ಆಮ್ಲಜನಕವನ್ನು ಮೈಯೆಲ್ಲ ಹೊತ್ತು ತಿರುಗುವುದು ಅದೇ. ಹೆಂಗಸರಿಗೆ 12 ಗ್ರಾಂ ಇರಬೇಕು, ಅದಕ್ಕಿಂತ ಇಳಿದರೆ ರಕ್ತಹೀನತೆ. ಗಾಳಿಯೂ ತೆಳು, ರಕ್ತವೂ ತೆಳು ಅಂದರೆ ಹೇಗೆ ಹೇಳಿ? ಎರಡು ತಿಂಗಳಿದ್ದರೆ ಡಾಕ್ಟರು ಕೊಡುವ ಕಬ್ಬಿಣದ ಮಾತ್ರೆಯಿಂದ ಬಹಳಷ್ಟು ಸರಿಮಾಡಿಕೊಳ್ಳಬಹುದು. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ಕೂಡಲೇ ಕಾಫಿ ಲೋಟ ಹಿಡಿಯುವುದನ್ನು ಅಷ್ಟು ದಿನ ಬಿಡಿ. ಗರ್ಭಿಣಿಯರು ಈ ದಾರಿಯ ಯೋಚನೆ ಸದ್ಯಕ್ಕೆ ಬಿಡುವುದೇ ಕ್ಷೇಮ.

ಎತ್ತರಕ್ಕೆ ಹೊಂದಿಕೊಳ್ಳಲು ಅಸೆಟಜೋಲಮೈಡ್ ಎಂಬ ಮಾತ್ರೆಯಿದೆ. ಪಕ್ಕದ ಮನೆಯವರು ತಗೊಂಡರು ಅಂತ ನೀವೂ ತಗೊಳ್ಳಬೇಡಿ, ಡಾಕ್ಟರನ್ನೇ ಕೇಳಿ. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ಹೇಳಬೇಕು. ಬೆರಳು ಜುಮ್ಮೆನ್ನುವುದು, ಮೂತ್ರ ಹೆಚ್ಚಾಗುವುದು ಈ ಮಾತ್ರೆಯ ಗುಣ, ಗಾಬರಿ ಬೇಡ. ನಿದ್ರೆಮಾತ್ರೆ ಮಾತ್ರ ಕೂಡದು, ಅದು ಉಸಿರಾಟವನ್ನು ಇನ್ನೂ ತಗ್ಗಿಸುತ್ತದೆ.

ಕಾಲಿಗೆ ಅಭ್ಯಾಸವಾಗಬೇಕೆಂದರೆ ಶ್ರವಣಬೆಳಗೊಳ ಹತ್ತಿರವೇ ಇದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ವಾರಕ್ಕೊಮ್ಮೆ ಹತ್ತಿ ಇಳಿಯಿರಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಖರ್ಚೂ ಇಲ್ಲವಲ್ಲ. ಮಾತಾಡುತ್ತಾ ಹತ್ತುವಷ್ಟು ನಿಧಾನವಾಗಿ ಹತ್ತುವುದನ್ನು ಅಲ್ಲೇ ರೂಢಿ ಮಾಡಿಕೊಳ್ಳಿ. ಮಂಡಿ ನೋವಿದೆ ಎಂದಿದ್ದೀರಿ, ಇಳಿಯುವಾಗ ಒಂದು ಕೋಲು ಹಿಡಿಯಿರಿ.

ದಾರಿಯ ವಿಷಯ. ಲೇಹ್‌ಗೆ ವಿಮಾನದಲ್ಲಿ ಹೋದರೆ ದೆಹಲಿಯಿಂದ ಒಂದೂವರೆ ಗಂಟೆಯೊಳಗೆ 3,500 ಮೀಟರಿಗೆ ಏರಿಸಿಬಿಡುತ್ತಾರೆ, ಮೈ ಕಕ್ಕಾಬಿಕ್ಕಿಯಾಗುತ್ತದೆ. ರಸ್ತೆ ಎರಡಿವೆ. ಮನಾಲಿಯಿಂದ ಹೋಗುವ ದಾರಿಗೆ 2020ರ ಅಕ್ಟೋಬರಿನಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಘಟ್ಟ ಹತ್ತುವ ಕಷ್ಟ ತಪ್ಪಿದೆ. ಆದರೆ ಅಲ್ಲಿಂದಾಚೆಗೆ ಬಾರಾಲಾಚಾ, ತಂಗ್ಲಂಗ್ ಲಾ ಎಂದು ಒಂದಾದ ಮೇಲೊಂದು ಎತ್ತರದ ಘಟ್ಟ. ನಡುದಾರಿಯಲ್ಲಿ ಮಲಗುವ ಸರ್ಚು ಬಯಲೇ ಸುಮಾರು 4,300 ಮೀಟರ್, ಲೇಹ್‌ಗಿಂತ ಎತ್ತರ. ಮೊದಲ ಸಲ ಹೋಗುವವರಿಗೆ ಅದು ಹಿತವಲ್ಲ. ನಿಮ್ಮ ಮಗ ಆರಿಸಿರುವ ಶ್ರೀನಗರದ ದಾರಿಯೇ ಮೆಲ್ಲಗೆ ಏರುತ್ತದೆ. ಜೋಜಿ ಲಾ ಘಟ್ಟ ದಾಟಿ, ದ್ರಾಸ್ ನೋಡಿ, ರಾತ್ರಿ ಕಾರ್ಗಿಲ್‌ನಲ್ಲಿ ತಂಗಿದರೆ ಅದು 2,700 ಮೀಟರಿನ ಒಳಗೇ. ಮಾರನೆಯ ದಿನ ಫೋಟು ಲಾ ದಾಟಿ ಲೇಹ್. ಆ ಸಮಯದಲ್ಲಿ ರಸ್ತೆಯೂ ಊರೂ ಶಾಂತವಾಗಿವೆಯೇ ಎಂದು ವಿಚಾರಿಸಿಕೊಂಡೇ ಹೊರಡಲಿ.

ಈ ಜೋಜಿ ಲಾಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. ಅರಕಲಗೂಡಿಗೆ ತಾಗಿಕೊಂಡಿರುವ ಕೊಡಗಿನ ಕೆ.ಎಸ್. ತಿಮ್ಮಯ್ಯನವರು 1948ರಲ್ಲಿ ಅಲ್ಲಿ ಮೇಜರ್ ಜನರಲ್ ಆಗಿದ್ದರು. ಲೇಹ್‌ಗೆ ಹೋಗುವ ದಾರಿಯನ್ನು ಶತ್ರುಗಳು ಮುಚ್ಚಿದ್ದಾಗ, ಅಷ್ಟು ಎತ್ತರಕ್ಕೆ ಯಾರೂ ಊಹಿಸದ ಟ್ಯಾಂಕುಗಳನ್ನು ಬಿಚ್ಚಿ ಗುಟ್ಟಾಗಿ ಸಾಗಿಸಿ, ನವೆಂಬರ್ 1ರಂದು ಹಿಮದ ನಡುವೆ ಆ ಘಟ್ಟವನ್ನು ಗೆದ್ದುಕೊಂಡರು. ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ 'ಸನ್ನಿ ಸೈಡ್' ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಹೊರಡುವ ಮೊದಲು ಒಂದು ಭಾನುವಾರ ಹೋಗಿ ನೋಡಿಬನ್ನಿ, ಘಟ್ಟ ದಾಟುವಾಗ ಕಥೆ ಹೇಳಲು ನಿಮಗೂ ಏನಾದರೂ ಇರಬೇಡವೇ.

ಲೇಹ್ ತಲುಪಿದ ಮೇಲೆ ಎರಡು ದಿನ ಸುಮ್ಮನಿರಬೇಕು. ಸುಮ್ಮನೆ ಅಂದರೆ ಸುಮ್ಮನೆಯೇ. ಬಟ್ಟೆ ಒಗೆಯುವುದು, ಕೋಣೆ ಗುಡಿಸುವುದು, ಮಗನ ಸಾಮಾನು ಎತ್ತಿಡುವುದು ಯಾವುದೂ ಬೇಡ. ಅದಾದ ಮೇಲೆ ಮೂರೂ ಜನ ಗಟ್ಟಿಯಾಗಿದ್ದರೆ ಮಾತ್ರ ನುಬ್ರಾ. ಇಲ್ಲೊಂದು ಸೂಕ್ಷ್ಮವಿದೆ. ನುಬ್ರಾದ ಹುಂದರ್ ಸುಮಾರು 3,100 ಮೀಟರ್, ಲೇಹ್‌ಗಿಂತ ತಗ್ಗು. ಮಲಗಲು ಒಳ್ಳೆಯ ಜಾಗವೇ. ಆದರೆ ಅದು ಬಾವಿಯೊಳಗಿನ ಊರಿದ್ದ ಹಾಗೆ. ಲೇಹ್‌ಗೆ ವಾಪಸ್ಸು ಬರಬೇಕೆಂದರೆ ಮತ್ತೆ ಘಟ್ಟವನ್ನೇ ಹತ್ತಬೇಕು. ಲೇಹ್‌ನಲ್ಲಿ ತಲೆನೋವಿದ್ದವರು ಅಲ್ಲಿಗೆ ಹೋಗಿ ಜಾಸ್ತಿ ಮಾಡಿಕೊಂಡರೆ ಪೇಚಾಟ. ಆದ್ದರಿಂದ ಹೊರಡುವ ಬೆಳಗ್ಗೆ ನಿಜ ಹೇಳಿ. ಒಂದು ದಿನ ತಡವಾದರೆ ಮರಳು ಎಲ್ಲಿಗೂ ಹೋಗುವುದಿಲ್ಲ. ಖರ್ದುಂಗ್ ಲಾದ ನೆತ್ತಿಯಲ್ಲಿ ಹದಿನೈದು ನಿಮಿಷಕ್ಕಿಂತ ನಿಲ್ಲಬೇಡಿ. ಎಲ್ಲರೂ ಫೋಟೋಕ್ಕೆ ಓಡುತ್ತಾರೆ, ನೀವು ಓಡಬೇಡಿ.

ಒಂದು ಸಂಕೋಚದ ವಿಷಯವನ್ನೂ ಬರೆದುಬಿಡುತ್ತೇನೆ. ದಾರಿಯಲ್ಲಿ ಶೌಚಾಲಯ ಕಡಿಮೆ. ಹೀಗಾಗಿ ನಮ್ಮವರು ಮಾಡುವುದೇನೆಂದರೆ ಬೆಳಗಿನಿಂದ ನೀರೇ ಕುಡಿಯದೆ ಕೂರುವುದು. ಅಲ್ಲಿಯ ಒಣಗಾಳಿ ಮೈಯ ನೀರನ್ನು ತಿಳಿಯದಂತೆ ಹೀರುತ್ತಿರುತ್ತದೆ, ತಲೆನೋವು ಎರಡುಪಟ್ಟಾಗುತ್ತದೆ. ನೀರು ಕುಡಿಯಿರಿ. ಒಂದು ದೊಡ್ಡ ಕೊಡೆ, ಒಂದು ಹಳೆಯ ಸೀರೆ ಕಾರಿನಲ್ಲಿರಲಿ, ಬಂಡೆಯ ಮರೆಗೆ ಹೋಗಿ ಸೊಸೆ ಅಡ್ಡ ಹಿಡಿದರೆ ಆಯಿತು. ಮುಟ್ಟಿನ ಬಟ್ಟೆಯನ್ನೋ ಪ್ಯಾಡನ್ನೋ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಊರಿಗೆ ತಂದೇ ಎಸೆಯಿರಿ, ಆ ಚಳಿಯಲ್ಲಿ ಅದು ಕೊಳೆಯುವುದಿಲ್ಲ.

ಅಡುಗೆಯ ವಿಷಯಕ್ಕೆ ಬರೋಣ, ಇದನ್ನು ಅರಕಲಗೂಡಿನ ಓದುಗರೊಬ್ಬರೂ ಕೇಳಿದ್ದರು. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಪೂರಾ ಬಿಸಿಯಾಗುವುದಿಲ್ಲ. ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿಯಂತೆ ಇಳಿಯುತ್ತಾ ಹೋಗುತ್ತದೆ. ಹಾಸನದಲ್ಲಿ ತೊಂಬತ್ತೇಳರ ಸುಮಾರಿಗೆ ಕುದಿಯುವ ನೀರು ಲೇಹ್‌ನಲ್ಲಿ ಎಂಬತ್ತೆಂಟಕ್ಕೇ ಕೊತಕೊತ ಎನ್ನುತ್ತದೆ. ನೋಡಲು ಕುದಿ, ಬೇಳೆ ಮಾತ್ರ ಬೇಯದು. ತೊಗರಿಬೇಳೆ, ಅನ್ನ ಎಲ್ಲಕ್ಕೂ ಕುಕ್ಕರೇ ಬೇಕು, ಒಂದೆರಡು ಕೂಗು ಹೆಚ್ಚಿಗೆ ಕೂಗಿಸಿ. ಕುಕ್ಕರ್ ಇಲ್ಲದ ಕಡೆ ಬೇಯಿಸುವ ಗೋಜೇ ಇಲ್ಲದ ತಿಂಡಿ ಇಟ್ಟುಕೊಳ್ಳುವುದು ಜಾಣತನ. ಅದಕ್ಕೆ ಗೊಜ್ಜವಲಕ್ಕಿಯನ್ನು ಮೀರಿದ್ದಿಲ್ಲ.

ಅರ್ಧ ಕೆ.ಜಿ. ಗಟ್ಟಿ ಅವಲಕ್ಕಿಯನ್ನು ಬೆಚ್ಚಗೆ ಹುರಿದು, ಆರಿಸಿ, ರವೆಯ ಹಾಗೆ ತರಿತರಿಯಾಗಿ ಪುಡಿಮಾಡಿ ಡಬ್ಬಿಗೆ ತುಂಬಿ. ನಿಂಬೆ ಗಾತ್ರದ ಎರಡು ಉಂಡೆ ಹುಣಸೆಹಣ್ಣನ್ನು ಬಿಸಿನೀರಲ್ಲಿ ನೆನೆಸಿ ಗಟ್ಟಿ ರಸ ತೆಗೆದುಕೊಳ್ಳಿ. ಬಾಣಲೆಯಲ್ಲಿ ಒಂದು ಬಟ್ಟಲು ಕಡಲೆಕಾಯಿ ಎಣ್ಣೆ ಕಾಯಿಸಿ, ಸಾಸಿವೆ, ಇಂಗು, ಕಡಲೆಬೇಳೆ, ಎರಡು ಹಿಡಿ ಕಡಲೆಕಾಯಿಬೀಜ, ಒರೆಸಿ ಒಣಗಿಸಿದ ಕರಿಬೇವು ಹಾಕಿ ಒಗ್ಗರಣೆ ಮಾಡಿ. ಅದಕ್ಕೆ ರಸ, ನಾಲ್ಕು ಚಮಚ ಸಾರಿನಪುಡಿ, ಅರಿಶಿನ, ಉಪ್ಪು, ಒಂದು ಅಚ್ಚು ಬೆಲ್ಲ ಹಾಕಿ ಎಣ್ಣೆ ಬಿಟ್ಟುಕೊಳ್ಳುವ ತನಕ ಸಣ್ಣ ಉರಿಯಲ್ಲಿ ಕುದಿಸಿ. ನೀರಿನ ಪಸೆ ಉಳಿಯಬಾರದು. ಒಣಕೊಬ್ಬರಿ ತುರಿಯನ್ನು ಬೇರೆ ಪೊಟ್ಟಣದಲ್ಲಿಡಿ, ಗೊಜ್ಜಿಗೆ ಸೇರಿಸಿದರೆ ಬೇಗ ಮುಗ್ಗಲಾಗುತ್ತದೆ. ಬೇಕಾದಾಗ ಎರಡು ಹಿಡಿ ಅವಲಕ್ಕಿಗೆ ಒಂದು ಚಮಚ ಗೊಜ್ಜು, ನೆನೆಯುವಷ್ಟು ಫ್ಲಾಸ್ಕಿನ ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಸಾಕು. ಎಂಬತ್ತು ಡಿಗ್ರಿಯ ನೀರು ಅವಲಕ್ಕಿಗೆ ಧಾರಾಳ.

ಗೊಜ್ಜಿನ ಸೀಸೆಯನ್ನು ಕಂಠಮಟ್ಟ ತುಂಬಬೇಡಿ. ಕೆಳಗೆ ಮುಚ್ಚಿದ ಗಾಳಿ ಮೇಲೆ ಹೋದಂತೆ ಹಿಗ್ಗುತ್ತದೆ. ಚಿಪ್ಸ್ ಪೊಟ್ಟಣಗಳು ದಿಂಬಿನ ಹಾಗೆ ಉಬ್ಬುತ್ತವೆ, ಉಪ್ಪಿನಕಾಯಿ ಸೀಸೆ ತೆರೆದರೆ ಎಣ್ಣೆ ಚಿಮ್ಮುತ್ತದೆ. ಸೊಸೆಯ ಹೊಸ ಸ್ವೆಟರಿನ ಮೇಲೆ ಚಿಮ್ಮಿದರೆ ಎತ್ತರದ ಕಾಯಿಲೆಗಿಂತ ದೊಡ್ಡ ಫಜೀತಿ!

ಅಲ್ಲಿಯ ಊಟವನ್ನೂ ರುಚಿ ನೋಡಿ. ಅವರ ಮುಖ್ಯ ಆಹಾರ ಹುರಿದು ಬೀಸಿದ ಜವೆಗೋಧಿ ಹಿಟ್ಟು, ಟಿಬೆಟಿನವರು ತ್ಸಂಪಾ ಎನ್ನುವುದು. ಬೆಣ್ಣೆ, ಉಪ್ಪು ಹಾಕಿದ ಚಹಾದಲ್ಲಿ ಕಲಸಿ ಉಂಡೆಕಟ್ಟಿ ತಿನ್ನುತ್ತಾರೆ. ನಮ್ಮ ರಾಗಿ ಹುರಿಹಿಟ್ಟಿನ ಅಕ್ಕನೋ ತಂಗಿಯೋ ಇದ್ದ ಹಾಗೆ. ಮೊದಲೇ ಹುರಿದು ಬೀಸಿದ ಹಿಟ್ಟು, ಮತ್ತೆ ಬೇಯಿಸುವ ಕಾಟವಿಲ್ಲ. ಬೇಳೆ ಬೇಯದ ಎತ್ತರದಲ್ಲಿ ಅಲ್ಲಿಯ ಗೃಹಿಣಿಯರಿಗೆ ಅದೆಷ್ಟು ಅನುಕೂಲ ನೋಡಿ. ಹೋಗುವ ಮುಂಚೆಯೇ ರುಚಿ ನೋಡಬೇಕೆಂದರೆ ಬೈಲಕುಪ್ಪೆ ಅರಕಲಗೂಡಿನವರಿಗೆ ದೂರವೇನಲ್ಲ. ನೀವೂ ಒಂದು ಸೇರು ಹುರಿಹಿಟ್ಟು ಒಯ್ಯಿರಿ. ಉಳಿದುಕೊಂಡ ಮನೆಯಾಕೆಗೆ ಬೆಲ್ಲ ಹಾಕಿ ಒಂದು ಉಂಡೆ ಮಾಡಿಕೊಟ್ಟು ನೋಡಿ, ಭಾಷೆ ಬಾರದಿದ್ದರೂ ಮಾತು ಶುರುವಾಗುತ್ತದೆ.

ಹುಂದರ್‌ನಲ್ಲಿ ಎರಡು ಡುಬ್ಬದ ಒಂಟೆಗಳಿವೆ, ಮೈತುಂಬ ಉಣ್ಣೆ. ಹಿಂದೆ ಮಧ್ಯ ಏಷ್ಯಾದ ಯಾರ್ಕಂದಿನಿಂದ ಲೇಹ್‌ಗೆ ಸರಕು ಹೊತ್ತು ಬರುತ್ತಿದ್ದ ವ್ಯಾಪಾರಿಗಳ ಒಂಟೆಗಳ ಸಂತತಿ ಅವು. 1950ರ ಹೊತ್ತಿಗೆ ಗಡಿ ಮುಚ್ಚಿ ವ್ಯಾಪಾರ ನಿಂತಿತು, ಒಂಟೆಗಳು ಇಲ್ಲೇ ಉಳಿದವು. ಈಗ ಪ್ರವಾಸಿಗಳನ್ನು ಹೊರುತ್ತವೆ. ಹತ್ತಿರದ ದಿಸ್ಕಿತ್‌ನಲ್ಲಿ 32 ಮೀಟರ್ ಎತ್ತರದ ಮೈತ್ರೇಯ ಬುದ್ಧನ ಮೂರ್ತಿಯಿದೆ, 2010ರಲ್ಲಿ ದಲೈ ಲಾಮಾ ಅವರು ಪ್ರತಿಷ್ಠಾಪಿಸಿದ್ದು. ಅದರ ಬುಡದಲ್ಲಿ ನಿಂತರೆ ಒಂದು ಕಡೆ ಮರಳು, ಒಂದು ಕಡೆ ಹಸಿರು ಹೊಲ, ಮೇಲೆ ಹಿಮ. ನೋಡಲು ಕಪ್ಪು ಕನ್ನಡಕ ಬೇಕೇ ಬೇಕು, ಬಿಸಿಲು ಕಣ್ಣು ಕುಕ್ಕುತ್ತದೆ.

ಚನ್ನರಾಯಪಟ್ಟಣದ ಸೋದರಿಯೊಬ್ಬರು ಹಿಂದೆ ಕೇಳಿದ್ದ ಪ್ರಶ್ನೆಗೂ ಇಲ್ಲೇ ಉತ್ತರ: ಸೀರೆ ಉಟ್ಟು ಹಿಮದಲ್ಲಿ ಓಡಾಡಬಹುದೇ? ಕಾರಿನಲ್ಲಿ ಕೂರಲು, ಊರೊಳಗೆ ನಡೆಯಲು ತೊಂದರೆಯಿಲ್ಲ. ಲಂಗದೊಳಗೆ ಉಣ್ಣೆಯ ಕಾಲುಚೀಲದಂಥ ಉದ್ದ ಪೈಜಾಮ, ತುಂಬುತೋಳಿನ ಸ್ವೆಟರು, ಎರಡು ಜೊತೆ ಸಾಕ್ಸು, ಹಿಡಿತವಿರುವ ಬೂಟು ಇರಲಿ. ಒಂದು ದಪ್ಪ ಅಂಗಿಗಿಂತ ಮೂರು ತೆಳು ಅಂಗಿ ಬೆಚ್ಚಗೆ, ಬಿಸಿಲೇರಿದಾಗ ಒಂದೊಂದಾಗಿ ತೆಗೆಯಲೂ ಬರುತ್ತದೆ. ಒಂಟೆ ಹತ್ತುವ ದಿನ ಮಾತ್ರ ಸಲ್ವಾರ್ ಹಾಕಿಕೊಳ್ಳಿ. ಒಂಟೆ ಏಳುವಾಗ ಮೊದಲು ಹಿಂಗಾಲನ್ನೆತ್ತಿ ನಿಮ್ಮನ್ನು ಮುಂದಕ್ಕೆ ಮುಗ್ಗರಿಸುತ್ತದೆ, ಆಗ ನೆರಿಗೆ ಹಿಡಿಯುವುದೋ ಒಂಟೆ ಹಿಡಿಯುವುದೋ ಎಂಬ ಸಂದೇಹ ಬರಬಾರದು.